ಇ-ಸಂಜೀವಿನಿ ವಿಮರ್ಶೆ: ಕರೆಗಳ ಲೆಕ್ಕ ಪಕ್ಕಾ, ಕಲಿಕೆಯ ಲೆಕ್ಕ ಖಾಲಿ

ದೂರದಿಂದಲೇ ಡಾಕ್ಟರ ಸಲಹೆ ಕೊಡಿಸುವ ಸರ್ಕಾರಿ ಸೇವೆಯಾದ ಇ-ಸಂಜೀವಿನಿಗೆ ಎರಡು ಬಾಗಿಲು. ಒಂದರಲ್ಲಿ ರೋಗಿಯೇ ತನ್ನ ಮೊಬೈಲಿನಿಂದ ಡಾಕ್ಟರಿಗೆ ಕರೆ ಮಾಡುತ್ತಾರೆ. ಇನ್ನೊಂದರಲ್ಲಿ ಹಳ್ಳಿಯ ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಿಪಿ, ಶುಗರ್ ನೋಡಿ, ಹಬ್‌ನಲ್ಲಿ, ಅಂದರೆ ಸಲಹೆ ಕೊಡುವ ಕೇಂದ್ರದಲ್ಲಿ ಇರುವ ಡಾಕ್ಟರನ್ನು ಪರದೆಯ ಮೇಲೆ ಕರೆಸುತ್ತಾರೆ. ಈ ವಿಮರ್ಶೆ ಎರಡನೆಯದಕ್ಕೆ ಮಾತ್ರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ) ಕಚೇರಿ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯಾಧಿಕಾರಿಗಳು, ಸಿಎಚ್‌ಒಗಳು ಈ ಸೇವೆಯನ್ನು ಹೇಗೆ ತೂಗಿ ನೋಡಬೇಕು ಎಂಬುದೇ ಇಲ್ಲಿನ ವಿಷಯ.

ತೀರ್ಪು ಮೊದಲೇ ಹೇಳಿಬಿಡೋಣ. ರೋಗಿಗೆ ಸಲಹೆ ಮುಟ್ಟಿಸುವ ಸೇವೆಯಾಗಿ ಐದಕ್ಕೆ ನಾಲ್ಕು. ಆರೋಗ್ಯ ವ್ಯವಸ್ಥೆ ತನ್ನ ಕೆಲಸದಿಂದ ತಾನೇ ಪಾಠ ಕಲಿಯುವ ಸಾಧನವಾಗಿ ಐದಕ್ಕೆ ಒಂದೂವರೆ. ಈ ಅಂತರಕ್ಕೆ ಸಾಫ್ಟ್‌ವೇರಿಗಿಂತ ನಾವು ಎಣಿಸುವ ರೀತಿಯೇ ಹೆಚ್ಚು ಕಾರಣ.

ಹಿನ್ನೆಲೆ ಎರಡು ಮಾತಿನಲ್ಲಿ: ಇದನ್ನು ಕಟ್ಟಿದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನ ಮೊಹಾಲಿ ಕೇಂದ್ರ. ಉಪಕೇಂದ್ರಗಳ ಆವೃತ್ತಿ 2019ರ ನವೆಂಬರಿನಲ್ಲಿ ಬಂತು, ಮನೆಯಿಂದ ಕರೆ ಮಾಡುವ ಆವೃತ್ತಿ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ. 2023ರ ಫೆಬ್ರುವರಿಗೆ ದೇಶದಾದ್ಯಂತ ಸಮಾಲೋಚನೆ 10 ಕೋಟಿ ದಾಟಿತು. ರೋಗಿಗೆ ಖರ್ಚಿಲ್ಲ. ಸರ್ಕಾರಿ ಸಾಫ್ಟ್‌ವೇರ್ ಅಂದರೆ ಮೂಗು ಮುರಿಯುವವರೂ ಇದರ ಮಟ್ಟಿಗೆ ಸುಮ್ಮನಿರಬಹುದು. ಕೆಲಸ ಮಾಡುತ್ತದೆ.

ಉಪಕೇಂದ್ರದ ಮೇಜಿನ ಮೇಲೆ ಇದು ನಡೆಯುವ ಕ್ರಮ ಸರಳ. ರೋಗಿಯ ನೋಂದಣಿ, ತೊಂದರೆಯ ವಿವರ, ಬಿಪಿ, ನಾಡಿ, ಜ್ವರ, ಆಮ್ಲಜನಕದ ಮಟ್ಟ, ತೂಕ, ಶುಗರ್ ತುಂಬುವುದು, ಹಳೆಯ ಚೀಟಿ ಅಥವಾ ಫೋಟೋ ಏರಿಸುವುದು, ವಿಭಾಗ ಆರಿಸಿ ಕರೆ ಮಾಡುವುದು, ಮಾತು ಮುಗಿದ ಮೇಲೆ ಬರುವ ಇ-ಚೀಟಿಯ ಪ್ರಕಾರ ಔಷಧಿ ಕೊಡುವುದು. ಹೆಚ್ಚಿನ ಕರೆಗಳು ಕೆಡುವುದು ಕರೆಯ ಹೊತ್ತಿನಲ್ಲಲ್ಲ, ಅದಕ್ಕೂ ಮುಂಚಿನ ಐದು ನಿಮಿಷದಲ್ಲಿ. ಬಿಸಿಲಲ್ಲಿ ನಡೆದು ಬಂದವರನ್ನು ಕೂತ ಕೂಡಲೇ ಬಿಪಿ ನೋಡಿದರೆ ಆ ಅಂಕಿ ಡಾಕ್ಟರನ್ನೂ ದಾರಿ ತಪ್ಪಿಸುತ್ತದೆ. ಐದು ನಿಮಿಷ ಬೆನ್ನು ಒರಗಿಸಿ ಕೂರಿಸಬೇಕು, ಕೈ ಎದೆಯ ಮಟ್ಟಕ್ಕೆ ಇರಬೇಕು, ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇಲ್ಲದ ಕಡೆ ಬಿಪಿ ಕಾಣುತ್ತದೆ. ಒಂದೇ ಅಳತೆಯ ಪಟ್ಟಿ ಇಟ್ಟುಕೊಂಡ ಕೇಂದ್ರದ ಬಿಪಿ ಅಂಕಿಗಳನ್ನು ಮೌಲ್ಯಮಾಪನಕ್ಕೆ ಬಳಸುವ ಮುನ್ನ ಎರಡು ಸಲ ಯೋಚಿಸಬೇಕು.

ಚರ್ಮದ ಕಾಯಿಲೆ ಈ ಸೇವೆಗೆ ಚೆನ್ನಾಗಿ ಒಗ್ಗುತ್ತದೆ. ಎದೆಯ ಸದ್ದು ಕೇಳಬೇಕಿಲ್ಲ, ಹೊಟ್ಟೆ ಒತ್ತಿ ನೋಡಬೇಕಿಲ್ಲ, ಫೋಟೋ ಸರಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಆದರೆ ಟ್ಯೂಬ್‌ಲೈಟ್ ಕೆಳಗೆ, ಫ್ಲಾಶ್ ಹಾಕಿ, ಒಂದೇ ಒಂದು ಫೋಟೋ ತೆಗೆದರೆ ಕಜ್ಜಿಯೂ ಹುಳಕಡ್ಡಿಯೂ ಒಂದೇ ಥರ ಬಿಳಿಚಿಕೊಂಡು ಕಾಣುತ್ತವೆ. ರೋಗಿಯನ್ನು ಕಿಟಕಿಯ ಕಡೆ ಮುಖ ಮಾಡಿ ಕೂರಿಸಿ, ಫ್ಲಾಶ್ ಆರಿಸಿ, ಮೂರು ಫೋಟೋ ತೆಗೆಯಬೇಕು: ಇಡೀ ಭಾಗ ಕಾಣುವ ಹಾಗೆ ದೂರದಿಂದ ಒಂದು, ಒಂದಡಿ ಅಂತರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು. ಎಣ್ಣೆ, ಅರಿಶಿನ, ಸುಣ್ಣ ಹಚ್ಚಿಕೊಂಡು ಬಂದಿದ್ದರೆ ಮೊದಲು ಒರೆಸಬೇಕು. ಮುಲಾಮು ಏನಾದರೂ ಹಚ್ಚುತ್ತಿದ್ದರೆ ಅದರ ಟ್ಯೂಬಿನ ಫೋಟೋ ಕೂಡ ಇರಲಿ. ಅಂಗಡಿಯಿಂದ ತಂದ ಸ್ಟೆರಾಯ್ಡ್ ಮಿಶ್ರಿತ ಮುಲಾಮು ಹುಳಕಡ್ಡಿಯ ರೂಪವನ್ನೇ ಬದಲಿಸಿಬಿಡುತ್ತದೆ, ಆ ಟ್ಯೂಬ್ ನೋಡದೆ ಡಾಕ್ಟರ್ ಹೇಳಿದ್ದೆಲ್ಲ ಅಂದಾಜು.

ಇನ್ನು ನೆಟ್‌ವರ್ಕ್. ಖಾನಾಪುರದ ಕಣಕುಂಬಿ, ಜಾಂಬೋಟಿ ಕಡೆಯ ಕಾಡಿನ ಕೇಂದ್ರಕ್ಕೂ ಬಾಗಲಕೋಟೆ ಊರಂಚಿನ ಕೇಂದ್ರಕ್ಕೂ ಒಂದೇ ತಕ್ಕಡಿ ಹಿಡಿಯುವುದು ಅನ್ಯಾಯ. ಡೌನ್‌ಲೋಡ್ ವೇಗ ನೋಡಿ ಖುಷಿಪಡಬೇಡಿ. ರೋಗಿಯ ಚಿತ್ರ ಡಾಕ್ಟರಿಗೆ ಮುಟ್ಟುವುದು ಅಪ್‌ಲೋಡ್ ಮೇಲೆ, ಅದು ಸ್ಥಿರವಾಗಿ 1 ಎಂಬಿಪಿಎಸ್ ಇಲ್ಲದಿದ್ದರೆ ಮುಖ ಚೌಕಚೌಕವಾಗಿ ನಿಂತುಬಿಡುತ್ತದೆ. ಕರೆಂಟ್ ಹೋದಾಗ ಟ್ಯಾಬ್ ಬ್ಯಾಟರಿಯಲ್ಲಿ ಓಡುತ್ತದೆ, ರೂಟರ್ ಸಾಯುತ್ತದೆ. ಹೆಚ್ಚಿನ ರೂಟರ್‌ಗಳು 12 ವೋಲ್ಟಿನವು, ಅಡಾಪ್ಟರ್ ಮೇಲಿನ ಆಂಪಿಯರ್ ನೋಡಿ ಅದಕ್ಕೆ ಹೊಂದುವ ಸಣ್ಣ ಯುಪಿಎಸ್ ಹಾಕಿದರೆ ಮುಗಿಯುವ ಸಮಸ್ಯೆ ಇದು. ಇಷ್ಟು ಸಣ್ಣ ಸಾಮಾನಿಗಾಗಿ ಕಡತ ತಿಂಗಳುಗಟ್ಟಲೆ ತಿರುಗುವುದನ್ನು ಯಾವ ಡ್ಯಾಶ್‌ಬೋರ್ಡೂ ತೋರಿಸುವುದಿಲ್ಲ.

ವಿಡಿಯೋ ಬಿದ್ದರೆ ಮಾತಿನಲ್ಲೇ ಮುಗಿಸಿದರಾಯಿತು ಅನ್ನುವವರು 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ತೆರೆದು ನೋಡಬೇಕು. ಅದರಲ್ಲಿ ಔಷಧಿಗಳಿಗೆ ಪಟ್ಟಿಗಳಿವೆ. ‘ಒ’ ಪಟ್ಟಿಯವನ್ನು ಯಾವ ರೀತಿಯ ಕರೆಯಲ್ಲೂ ಬರೆಯಬಹುದು. ‘ಎ’ ಪಟ್ಟಿಯವನ್ನು ಮೊದಲ ಭೇಟಿಯಲ್ಲಿ ಬರೆಯಬೇಕಾದರೆ ವಿಡಿಯೋ ಇರಲೇಬೇಕು. ‘ಬಿ’ ಪಟ್ಟಿ ಮರುಭೇಟಿಗೆ ಮಾತ್ರ, ಅಂದರೆ ಈಗಾಗಲೇ ಬಿಪಿ ಗುಳಿಗೆ ನುಂಗುವವರಿಗೆ ಇನ್ನೊಂದು ಸೇರಿಸುವಂಥ ಸಂದರ್ಭಕ್ಕೆ. ಷೆಡ್ಯೂಲ್ ಎಕ್ಸ್ (ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿ) ಮತ್ತು ಮಾದಕ ದ್ರವ್ಯ ಕಾಯ್ದೆಯಡಿಯ ಔಷಧಿಗಳು ಪೂರ್ತಿ ನಿಷಿದ್ಧ. ಹಾಗಾಗಿ ವಿಡಿಯೋ ಕಟ್ ಆಗುವುದು ಬರೀ ಕಿರಿಕಿರಿಯಲ್ಲ, ಆ ರೋಗಿಗೆ ಅಂದು ಏನು ಬರೆಯಬಹುದು ಎಂಬುದೇ ಬದಲಾಗುತ್ತದೆ. ಕರೆ ವಿಡಿಯೋದಲ್ಲಿ ಮುಗಿಯಿತೋ ಧ್ವನಿಯಲ್ಲಿ ಮುಗಿಯಿತೋ ಎಂಬುದನ್ನು ದಾಖಲಿಸದ ಮೌಲ್ಯಮಾಪನ ಅರ್ಧ ಕುರುಡು. ಇದೇ ಮಾರ್ಗಸೂಚಿಯ ಇನ್ನೊಂದು ಅಂಶ: ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಅರ್ಥ, ಆದರೆ ಆರೋಗ್ಯ ಕಾರ್ಯಕರ್ತರು ಕರೆ ಶುರು ಮಾಡಿದರೆ ಬಾಯಿಬಿಟ್ಟು ಕೇಳಿ ಒಪ್ಪಿಗೆ ದಾಖಲಿಸಬೇಕು. ಉಪಕೇಂದ್ರದ ಕರೆಯೆಲ್ಲ ಎರಡನೇ ಬಗೆಯದು.

ಒಟಿಪಿ ಕಾಟವನ್ನೂ ಇಲ್ಲೇ ಮುಗಿಸೋಣ. 14 ಅಂಕಿಯ ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಜೋಡಿಸಲು ಹೋದಾಗ ಒಟಿಪಿ ಗೋವಾದಲ್ಲಿ ದುಡಿಯುವ ಮಗನ ಫೋನಿಗೆ ಹೋಗುತ್ತದೆ, ಅಜ್ಜಿ ಬೆಂಚಿನ ಮೇಲೆ ಕೂತಿರುತ್ತಾಳೆ. ಇಂಡಿ, ಮುದ್ದೇಬಿಹಾಳದಂಥ ಗುಳೆ ಹೋಗುವ ತಾಲ್ಲೂಕುಗಳಲ್ಲಿ ಆಭಾ ಕೆಲಸವನ್ನು ಆಶಾ ಮನೆ ಭೇಟಿಯ ಹೊತ್ತಿಗೆ, ಮಗ ಊರಿಗೆ ಬಂದ ಹಬ್ಬದ ದಿನಗಳಿಗೆ ಹೊಂದಿಸಿಕೊಳ್ಳುವುದು ಜಾಣತನ. ಸಮಾಲೋಚನೆಯ ಸಮಯ ಅದಕ್ಕಲ್ಲ.

ಈಗ ನಿಜವಾದ ತಕರಾರಿಗೆ ಬರೋಣ. ಪರಿಶೀಲನಾ ಸಭೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಈ ತಿಂಗಳು ಎಷ್ಟು ಕರೆ? ಆ ಸಂಖ್ಯೆ ಗುರಿಯಾದ ಕ್ಷಣ ಅಳತೆಯ ಗುಣ ಕಳೆದುಕೊಳ್ಳುತ್ತದೆ. ಸಂಖ್ಯೆ ಏರಿಸುವುದು ಕಷ್ಟವಲ್ಲ. ನೆಗಡಿ, ಮೈಕೈ ನೋವಿಗೆ ಸಿಎಚ್‌ಒ ತಾವೇ ಕೊಡಬಹುದಾದ ಗುಳಿಗೆಗೂ ಒಂದು ಕರೆ ಹಚ್ಚಿದರಾಯಿತು. ಅಂಥ ಕರೆಗಳನ್ನು ಹಿಡಿಯಲು ತನಿಖೆ ಬೇಕಿಲ್ಲ, ಇರುವ ಮಾಹಿತಿಯಲ್ಲೇ ಗುರುತು ಸಿಗುತ್ತವೆ. ಎರಡು ನಿಮಿಷದೊಳಗೆ ಮುಗಿದ ಕರೆಗಳ ಪಾಲು ಎಷ್ಟು? ಒಂದೇ ಮೊಬೈಲ್ ಸಂಖ್ಯೆಗೆ ಎಷ್ಟು ರೋಗಿಗಳು ನೋಂದಣಿಯಾಗಿದ್ದಾರೆ? ಅಂದಿನ ಹೊರರೋಗಿ ರಿಜಿಸ್ಟರಿನಲ್ಲಿ ಆ ಹೆಸರುಗಳು ಇವೆಯೇ? ತಿಂಗಳ ಕೊನೆಯ ನಾಲ್ಕೈದು ದಿನ ಕರೆಗಳು ದಿಢೀರನೆ ಏರಿದ್ದರೆ ಏರಿದ್ದು ಕಾಯಿಲೆಯಲ್ಲ. ಆದರೆ ಇದನ್ನು ಸಿಎಚ್‌ಒಗಳ ಮೇಲೆ ದಂಡ ಹಾಕಲು ಬಳಸಿದರೆ ಮುಂದಿನ ತಿಂಗಳು ಕರೆಗಳು ಸರಿಯಾಗಿ ಎರಡೂಕಾಲು ನಿಮಿಷಕ್ಕೆ ಮುಗಿಯತೊಡಗುತ್ತವೆ. ಗುರಿ ಕೊಟ್ಟವರ ತಪ್ಪಿಗೆ ಕೆಳಗಿನವರನ್ನು ಹಿಡಿಯುವ ಪದ್ಧತಿ ಇಲ್ಲೂ ಬೇಡ.

ಹಾಗಾದರೆ ಅಳೆಯಬೇಕಾದ್ದೇನು? ನಮ್ಮ ಪ್ರಕಾರ ಒಂದು ಉದ್ದ ನೋಟ್‌ಬುಕ್ಕು, ಅದರಲ್ಲಿ ಏಳು ಕಾಲಂ ಸಾಕು: ತಾರೀಖು, ರೋಗಿಯ ಕ್ರಮಸಂಖ್ಯೆ (ಹೆಸರು ಬೇಡ), ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದು ಸಾಲಿನಲ್ಲಿ, ಕರೆಗೆ ಮುಂಚೆ ಸಿಎಚ್‌ಒ ಅಂದಾಜಿಸಿದ ಕಾಯಿಲೆ, ಕರೆಯ ನಂತರ ಡಾಕ್ಟರ್ ಹೇಳಿದ್ದು, ಬರೆದ ಔಷಧಿ ನಮ್ಮ ಕಪಾಟಿನಲ್ಲಿದೆಯೇ, 14ನೇ ದಿನ ರೋಗಿಯ ಸ್ಥಿತಿ. ಇದರಲ್ಲಿ ಬೆಲೆಬಾಳುವುದು ನಾಲ್ಕನೇ ಕಾಲಂ. ಅಂದಾಜೂ ಡಾಕ್ಟರ್ ಹೇಳಿದ್ದೂ ಯಾವ ಕಾಯಿಲೆಯಲ್ಲಿ ಪದೇಪದೇ ಕೂಡಿಬರುತ್ತವೋ ಅಲ್ಲಿ ಕರೆಯ ಅಗತ್ಯ ಕಡಿಮೆಯಾಗಿದೆ ಎಂದರ್ಥ, ವೈದ್ಯಾಧಿಕಾರಿ ಲಿಖಿತ ನಿರ್ದೇಶನ ಕೊಟ್ಟು ಆ ಹೊರೆ ಇಳಿಸಬಹುದು. ಎಲ್ಲಿ ಪದೇಪದೇ ತಪ್ಪುತ್ತವೋ ಅದೇ ಮುಂದಿನ ತರಬೇತಿಯ ವಿಷಯ. ಕರೆಗಳು ಕಡಿಮೆಯಾಗುವುದೂ ಯಶಸ್ಸೇ ಇರಬಹುದು. ಸಂಖ್ಯೆಯ ಗುರಿ ಇಟ್ಟುಕೊಂಡವರಿಗೆ ಇದು ತಲೆಗೆ ಹೋಗುವುದಿಲ್ಲ.

ನಾಲ್ಕನೇ ಕಾಲಂ ಕೆಡುವ ದಾರಿಯೂ ಒಂದಿದೆ. ಕರೆ ಮುಗಿದ ಮೇಲೆ ಡಾಕ್ಟರ್ ಹೇಳಿದ್ದನ್ನೇ ‘ಅಂದಾಜು’ ಎಂದು ತುಂಬಿದರೆ ಹೊಂದಾಣಿಕೆ ನೂರಕ್ಕೆ ನೂರು ಬರುತ್ತದೆ. ನೂರಕ್ಕೆ 95ಕ್ಕಿಂತ ಹೆಚ್ಚು ಕೂಡಿಬಂದ ಕೇಂದ್ರವನ್ನು ಹೊಗಳುವ ಮೊದಲು ಅನುಮಾನಿಸಿ. ಅಂದಾಜನ್ನು ಕರೆಗೆ ಮುಂಚೆಯೇ ತೊಂದರೆಯ ವಿವರದ ಜತೆ ಟೈಪ್ ಮಾಡುವ ರೂಢಿ ಹಾಕಿದರೆ ಈ ತೊಡಕು ಕಳೆಯುತ್ತದೆ, ಡಾಕ್ಟರಿಗೂ ಮಾತಿಗೆ ಒಂದು ತುದಿ ಸಿಗುತ್ತದೆ.

14ನೇ ದಿನದ ಕಾಲಂ ಎಲ್ಲರಿಗೂ ತುಂಬಲಾಗದು. ಕ್ರಮಸಂಖ್ಯೆ 7ರಿಂದ ಕೊನೆಯಾಗುವ ರೋಗಿಗಳನ್ನಷ್ಟೇ ಆಶಾ ಮನೆಗೆ ಹೋಗಿ ನೋಡಲಿ. ಹತ್ತರಲ್ಲಿ ಒಬ್ಬರು ಬರುತ್ತಾರೆ, ಆರಿಸುವಾಗ ಪರಿಚಯದವರು, ಹತ್ತಿರದ ಓಣಿಯವರು ಎಂಬ ಒಲವು ನುಸುಳುವುದಿಲ್ಲ. ಕೇಳಬೇಕಾದ್ದು ನಾಲ್ಕೇ: ಔಷಧಿ ಪೂರ್ತಿ ತಗೊಂಡ್ರಾ, ಕಡಿಮೆ ಆಯ್ತಾ, ಬೇರೆ ದವಾಖಾನೆಗೆ ಹೋದ್ರಾ, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದರೆ ಹೋದ್ರಾ, ಇಲ್ಲದಿದ್ದರೆ ಯಾಕೆ. ಕೊನೆಯ ‘ಯಾಕೆ’ಗೆ ಬರುವ ಉತ್ತರಗಳು ಚಿನ್ನ. ಅಥಣಿ, ರಾಯಬಾಗ, ಮುಧೋಳ ಕಡೆ ಕಬ್ಬಿನ ಹಂಗಾಮಿನಲ್ಲಿ ಕಡಿಯುವ ಗ್ಯಾಂಗಿನವರು ದಿನದ ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಹೋಗುವುದಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಲೆಕ್ಕವೂ ಅದೇ, ಮಗ್ಗ ನಿಂತರೆ ಮಜೂರಿ ನಿಂತಂತೆ. ‘ರೋಗಿ ಸಹಕರಿಸಲಿಲ್ಲ’ ಎಂದು ಷರಾ ಬರೆದರೆ ಈ ಪಾಠ ಅಲ್ಲಿಗೇ ಮಣ್ಣುಪಾಲು.

ಔಷಧಿಯ ಕಾಲಂ ಬಗ್ಗೆ ಒಂದು ಮಾತು. ಆರೋಗ್ಯ ಮಂದಿರವಾದ ಉಪಕೇಂದ್ರದ ಪಟ್ಟಿಯಲ್ಲಿ 105 ಔಷಧಿ, ಪಿಎಚ್‌ಸಿಯಲ್ಲಿ 172. ಹಬ್‌ನ ಡಾಕ್ಟರಿಗೆ ಈ ಪಟ್ಟಿ ಕಣ್ಣ ಮುಂದೆ ಇರದಿದ್ದರೆ ಅವರು ತಮ್ಮ ಕಾಲೇಜಿನ ರೂಢಿಯಂತೆ ಬರೆಯುತ್ತಾರೆ, ಆ ಚೀಟಿ ಹಿಡಿದು ರೋಗಿ ಮೆಡಿಕಲ್ ಅಂಗಡಿಗೆ ನಡೆಯುತ್ತಾರೆ. ಕೇಂದ್ರದಲ್ಲಿ ಇವತ್ತು ಇಲ್ಲದ ಔಷಧಿಗಳ ಹೆಸರನ್ನು ವಾರಕ್ಕೊಮ್ಮೆ ಹಬ್‌ಗೆ ಕಳುಹಿಸುವುದು ಐದು ನಿಮಿಷದ ಕೆಲಸ.

ಅಂಕಿ ಓದುವಾಗ ಎಡವುವ ಜಾಗಗಳು ಮೂರ್ನಾಲ್ಕಿವೆ. ಮೊದಲನೆಯದು ಬಿಪಿ. ಮೊದಲ ದಿನ 170 ಇದ್ದವರಿಗೆ ಎರಡನೇ ಭೇಟಿಯಲ್ಲಿ 150 ಬಂದರೆ ಅದರಲ್ಲಿ ಒಂದು ಪಾಲು ಚಿಕಿತ್ಸೆಯಿಲ್ಲದೆಯೂ ಇಳಿಯುತ್ತಿತ್ತು, ಯಾಕೆಂದರೆ ವಿಪರೀತ ಅಂಕಿ ಬಂದವರನ್ನೇ ಆರಿಸಿಕೊಂಡು ಮತ್ತೆ ಅಳೆದಾಗ ಅಂಕಿ ಸರಾಸರಿಯ ಕಡೆ ಜಾರುವುದು ಸಹಜ. ಆದ್ದರಿಂದ ‘ಮುಂಚೆ-ಆಮೇಲೆ’ ಹೋಲಿಕೆಯನ್ನೇ ಯಶಸ್ಸು ಅನ್ನಬಾರದು. ನೋಂದಣಿಯಾದ ಎಲ್ಲರಲ್ಲಿ, ಮೂರರಿಂದ ಆರು ತಿಂಗಳ ನಂತರ 140/90ರ ಕೆಳಗೆ ಇರುವವರು ಎಷ್ಟು ಎಂದು ನೋಡಬೇಕು. ಬಾರದೇ ಹೋದವರೂ ಛೇದದಲ್ಲಿ ಉಳಿಯಬೇಕು. ಬಂದವರನ್ನು ಮಾತ್ರ ಎಣಿಸಿದರೆ ಫಲಿತಾಂಶ ಯಾವಾಗಲೂ ಚೆಂದ.

ಎರಡನೆಯದು ಹಂಗಾಮು. ಬೇಸಿಗೆಯ ತಿಂಗಳನ್ನು ಮಳೆಗಾಲದ ಜ್ವರದ ತಿಂಗಳೊಂದಿಗೆ ಹೋಲಿಸಿದರೆ ಸೇವೆ ಕುಸಿದ ಹಾಗೆ ಕಾಣುತ್ತದೆ. ಹೋದ ವರ್ಷದ ಇದೇ ತಿಂಗಳಿನ ಜತೆ ಹೋಲಿಸಿ. ಇನ್ನೂ ಒಳ್ಳೆಯದೆಂದರೆ ಹೊಸ ಪದ್ಧತಿಯನ್ನು ತಾಲ್ಲೂಕಿನ ಎಲ್ಲ ಕೇಂದ್ರಗಳಲ್ಲಿ ಒಂದೇ ದಿನ ಶುರು ಮಾಡದೆ ಮೊದಲು ನಾಲ್ಕು, ಎರಡು ತಿಂಗಳ ಮೇಲೆ ಮತ್ತೆ ನಾಲ್ಕು ಎಂದು ಹಂತಹಂತವಾಗಿ ಹಚ್ಚುವುದು, ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ಆರಿಸುವುದು. ಕಾಯುತ್ತಿರುವ ಕೇಂದ್ರಗಳೇ ಹೋಲಿಕೆಗೆ ಸಿಗುತ್ತವೆ, ದುಡ್ಡೂ ಖರ್ಚಿಲ್ಲ.

ಮೂರನೆಯದು ಸಣ್ಣ ಸಂಖ್ಯೆ. 30 ಔಷಧಿ ಚೀಟಿ ತೆಗೆದು ನೋಡಿ ನೂರಕ್ಕೆ 80 ಸರಿ ಇವೆ ಎಂದರೆ ನಿಜವಾದ ಪ್ರಮಾಣ ಅದರ ಆಚೀಚೆ 14ರಷ್ಟು ಇರಬಹುದು. 100 ಚೀಟಿ ನೋಡಿದರೆ ಆಚೀಚೆ 8. ಹಾಗಿರುವಾಗ 30ರ ಲೆಕ್ಕದಲ್ಲಿ ಒಂದು ಪಿಎಚ್‌ಸಿಗೆ 83, ಇನ್ನೊಂದಕ್ಕೆ 77 ಬಂದಿದ್ದಕ್ಕೆ ಒಬ್ಬರಿಗೆ ಪ್ರಶಸ್ತಿ, ಇನ್ನೊಬ್ಬರಿಗೆ ನೋಟಿಸ್ ಕೊಡುವುದು ತಮಾಷೆ. ಒಂದೇ ಕೇಂದ್ರದ ಅಂಕಿಯನ್ನು ಹದಿನೈದು ದಿನಕ್ಕೊಂದು ಚುಕ್ಕೆಯಂತೆ ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತಾ ಹೋಗಿ, ಹತ್ತು ಚುಕ್ಕೆಯಾದ ಮೇಲೆ ಮಧ್ಯಾಂಕದ ಗೆರೆ (ಅರ್ಧ ಚುಕ್ಕೆ ಮೇಲೆ, ಅರ್ಧ ಕೆಳಗೆ ಬರುವಂತೆ) ಎಳೆಯಿರಿ. ಆರು ಚುಕ್ಕೆ ಸಾಲಾಗಿ ಗೆರೆಯ ಒಂದೇ ಬದಿಗೆ ಬಿದ್ದರೆ ಏನೋ ಬದಲಾಗಿದೆ. ಅಲ್ಲಿಯವರೆಗೆ ಏರಿಳಿತಕ್ಕೆ ಕಾರಣ ಹುಡುಕಬೇಡಿ.

ಖರ್ಚಿನ ಲೆಕ್ಕದಲ್ಲಿ ನಮ್ಮ ರಾಜ್ಯಕ್ಕೆ ಒಂದು ವಿಶೇಷವಿದೆ. ಟೆಲಿ ಸೇವೆಯಿಂದ ರೋಗಿಗೆ ಉಳಿದ ಬಸ್ ಚಾರ್ಜನ್ನು ಲಾಭವೆಂದು ತೋರಿಸುವುದು ವಾಡಿಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಅವರ ಹೆಸರಿನಲ್ಲಿ ಬಸ್ ಚಾರ್ಜ್ ಉಳಿತಾಯ ಬರೆದರೆ ಅದು ಸುಳ್ಳು ಲೆಕ್ಕ. ಉಳಿದದ್ದು ಕೂಲಿ, ಜತೆಗೆ ಬರುವ ಗಂಡಸಿನ ಟಿಕೆಟ್ಟು ಮತ್ತು ಅವನ ಕೂಲಿ.

ಇಂಥ ಸೇವೆಗಳನ್ನು ಮೌಲ್ಯಮಾಪನ ಮಾಡುವ ಸಿದ್ಧ ಚೌಕಟ್ಟುಗಳ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಯುರೋಪಿನ ಮಾಸ್ಟ್ ಮಾದರಿಗೆ ಏಳು ಅಂಗ, ಗ್ರೀನ್‌ಹಾಲ್ ಮತ್ತು ಸಂಗಡಿಗರು 2017ರಲ್ಲಿ ಕೊಟ್ಟ ನ್ಯಾಸ್ ಚೌಕಟ್ಟಿಗೂ ಏಳು. ರಾಜ್ಯ ಮಟ್ಟದಲ್ಲಿ ಯೋಜನೆ ಯಾಕೆ ನಿಂತುಹೋಯಿತು ಎಂದು ಅಗೆಯಲು ಎರಡನೆಯದು ಒಳ್ಳೆಯದು. ತಾಲ್ಲೂಕಿಗೆ 1999ರ ರೀ-ಏಮ್ ಸಾಕು: ಎಷ್ಟು ಜನಕ್ಕೆ ಮುಟ್ಟಿತು, ಫಲ ಕೊಟ್ಟಿತೇ, ಎಷ್ಟು ಕೇಂದ್ರಗಳು ಕೈಗೆತ್ತಿಕೊಂಡವು, ಹೇಳಿದಂತೆ ನಡೆಯಿತೇ, ಆರು ತಿಂಗಳ ಮೇಲೂ ಉಳಿಯಿತೇ. ಬಳಸುವವರ ಅನುಭವ ತಿಳಿಯಲು ಹತ್ತು ಪ್ರಶ್ನೆಗಳ ಎಸ್‌ಯುಎಸ್ ಪತ್ರ ಇದೆ, ಸರಾಸರಿ ನೂರಕ್ಕೆ 68 ಅಂಕ ಅನ್ನುತ್ತಾರೆ. ಕನ್ನಡಕ್ಕೆ ತರುವಾಗ ಸಿಎಚ್‌ಒಗಳಿಗೆ ಒಮ್ಮೆ ಓದಿಸಿ ನೋಡಿ. ನಿಪ್ಪಾಣಿ, ಖಾನಾಪುರದ ರೋಗಿಗಳ ಪ್ರಶ್ನೆಗಳು ಮರಾಠಿಯಲ್ಲೂ ಇರಲಿ.

ಹೋಲಿಕೆಗೆ ಬೇಕಿದ್ದರೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ನೋಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದಿಂದ ಓದಿಸಿ, ಹೃದಯಾಘಾತವಾದರೆ ಅಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ ಅದು. ಅಲ್ಲಿನ ಕೆಲಸದ ಗುಣವೇ ಅಳತೆಯನ್ನು ಕೊಡುತ್ತದೆ: ಬಾಗಿಲಿಗೆ ಬಂದ 10 ನಿಮಿಷದಲ್ಲಿ ಇಸಿಜಿ ಆಯಿತೇ, 30 ನಿಮಿಷದಲ್ಲಿ ಸೂಜಿ ಬಿತ್ತೇ. ತಡವಾದರೆ ಎಲ್ಲಿ ತಡವಾಯಿತು ಎಂದು ಗಡಿಯಾರವೇ ಹೇಳುತ್ತದೆ. ಇ-ಸಂಜೀವಿನಿಯ ಕರೆಗಳು ನೂರಾರು ಬಗೆಯವು, ಅದಕ್ಕೇ ಅಲ್ಲಿ ಕಲಿಕೆ ತಾನಾಗಿ ಆಗುವುದಿಲ್ಲ, ಕೂತು ಮಾಡಬೇಕು.

ಕೂರುವ ಮಾದರಿ ಕೈಗೆ ಸಿಗುವಂತಿದೆ. 2003ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಶುರು ಮಾಡಿದ ಎಕೋ ಪದ್ಧತಿಯಲ್ಲಿ ತಜ್ಞರು ರೋಗಿಯನ್ನು ನೋಡುವುದಿಲ್ಲ, ಹಳ್ಳಿಯ ವೈದ್ಯರ ಕೇಸನ್ನು ಎಲ್ಲರೂ ಸೇರಿ ಚರ್ಚಿಸುತ್ತಾರೆ. ಹಾಗೆ ಕಲಿತ ಪ್ರಾಥಮಿಕ ವೈದ್ಯರ ಫಲಿತಾಂಶ ವಿಶ್ವವಿದ್ಯಾಲಯದ ಕ್ಲಿನಿಕ್‌ಗೆ ಸಮನಾಗಿತ್ತು ಎಂದು 2011ರಲ್ಲಿ ಪ್ರಕಟವಾಯಿತು. ನಮ್ಮ ನಿಮ್ಹಾನ್ಸ್ ಕೂಡ ಮಾನಸಿಕ ಆರೋಗ್ಯದ ತರಬೇತಿಗೆ ಇದನ್ನು ಬಳಸಿದೆ. ಪಿಎಚ್‌ಸಿ ಮಟ್ಟಕ್ಕೆ ಇಳಿಸಿದರೆ ಹದಿನೈದು ದಿನಕ್ಕೊಮ್ಮೆ 45 ನಿಮಿಷ: ಅಂದಾಜು ತಪ್ಪಿದ ಒಂದು ಕೇಸಿಗೆ 15, ರೋಗಿ ಹೋಗದೇ ಉಳಿದ ಒಂದು ರೆಫರಲ್‌ಗೆ 10, ಗ್ರಾಫಿಗೆ 5, ಮುಂದಿನ ಹದಿನೈದು ದಿನ ಬದಲಿಸಿ ನೋಡುವ ಒಂದೇ ಒಂದು ಸಂಗತಿ ತೀರ್ಮಾನಿಸಲು 15. ಮೊದಲು ಸಿಎಚ್‌ಒಗಳು ಮಾತಾಡಲಿ, ಡಾಕ್ಟರ್ ಕೊನೆಗೆ. ಸಾಹೇಬರು ಮೊದಲು ಬಾಯಿ ತೆರೆದರೆ ಉಳಿದವರ ಬಾಯಿ ಮುಚ್ಚುತ್ತದೆ. ಲಸಿಕೆಯ ದಿನ, ಗರ್ಭಿಣಿಯರ ತಪಾಸಣೆಯ 9ನೇ ತಾರೀಖು ಬಿಟ್ಟು ದಿನ ಹಿಡಿಯಿರಿ.

ಈ ಸಭೆ ಸಾಯುವುದು ಸಾಮಾನ್ಯವಾಗಿ ಹಬ್ ಕಡೆಯಿಂದ. ಅಲ್ಲಿ ಡ್ಯೂಟಿ ಬದಲಾಗುತ್ತಿರುತ್ತದೆ, ತಾವು ಸಲಹೆ ಕೊಟ್ಟ ರೋಗಿ ಏನಾದರು ಎಂದು ಅಲ್ಲಿನ ಡಾಕ್ಟರಿಗೆ ಎಂದೂ ತಿಳಿಯುವುದಿಲ್ಲ. 14ನೇ ದಿನದ ಕಾಲಂನಿಂದ ಅರ್ಧ ಪುಟ ತಿಂಗಳಿಗೊಮ್ಮೆ ಹಬ್‌ಗೆ ಹೋಗಲಿ, ಡಾಕ್ಟರ ಅಂದಾಜು ತಪ್ಪಿದ ಕೇಸುಗಳೂ ಅದರಲ್ಲಿರಲಿ. ಬೆಳಗಾವಿಯ ಬಿಮ್ಸ್‌ನಂಥ ಬೋಧಕ ಆಸ್ಪತ್ರೆಗಳಲ್ಲಿ ಇದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಕೆಲಸವಾಗಿ ಒಪ್ಪಿಸಿದರೆ ಅವರಿಗೂ ಪಾಠ, ಕೇಂದ್ರಗಳಿಗೂ ಉತ್ತರ.

ಸಭೆಗೆ ತರುವ ಕೇಸಿನಲ್ಲಿ ಹೆಸರು, ಊರಿನ ಓಣಿ, ಮುಖದ ಫೋಟೋ ಇರಬಾರದು. ವಾಟ್ಸಾಪ್ ಗುಂಪಿಗೆ ಚರ್ಮದ ಫೋಟೋ ಹಾಕಿ ‘ಇದೇನಿರಬಹುದು ಸರ್’ ಎಂದು ಕೇಳುವ ಅಭ್ಯಾಸವನ್ನು ಈಗಲೇ ನಿಲ್ಲಿಸಿ, ಆ ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ನೋಡುವವರಿಲ್ಲ. ನೋಟ್‌ಬುಕ್ಕನ್ನು ಏಪ್ರಿಲ್‌ನಲ್ಲಿ ಶುರು ಮಾಡುವುದು ಮೇಲು: ಕಬ್ಬಿನ ಹಂಗಾಮು ಮುಗಿದಿರುತ್ತದೆ, ಮಳೆ ಬಂದಿರುವುದಿಲ್ಲ, ಮೊದಲ ಮೂರು ತಿಂಗಳು ಏನನ್ನೂ ಬದಲಿಸದೆ ಬರೀ ತುಂಬಿಸುತ್ತಾ ಹೋದರೆ ಮುಂದಿನ ಹೋಲಿಕೆಗೆ ಬುನಾದಿ ಸಿಗುತ್ತದೆ.